ಓಂಕಾರೇಶ ಉಂಡು ಬಂದ ಸಮುದ್ರ

ಅಜ್ಜಂಪುರದಲ್ಲಿ ಸಮುದ್ರವಿಲ್ಲ. ರೈಲ್ವೆ ಸ್ಟೇಷನ್ನಿದೆ, ಈರುಳ್ಳಿ ವ್ಯಾಪಾರವಿದೆ, ಹೊಸದಾಗಿ ತಾಲ್ಲೂಕು ಕಚೇರಿಯೂ ಬಂದಿದೆ. ಸಮುದ್ರ ಮಾತ್ರ ಇನ್ನೂ ಮಂಜೂರಾಗಿಲ್ಲ. ಬೇಕೆಂದು ಅರ್ಜಿ ಹಾಕಿದವರೂ ಇಲ್ಲ. ಹಾಗಿದ್ದೂ ಹೋದ ವರ್ಷ ಕಾರ್ತಿಕದಲ್ಲಿ ಹತ್ತೊಂಬತ್ತು ದಿನ ಈ ಊರಿನಲ್ಲಿ ಸಮುದ್ರದ ಮಾತು ಬಿಟ್ಟರೆ ಬೇರೆ ಮಾತಿರಲಿಲ್ಲ. ಅದಕ್ಕೆ ಕಾರಣ ಓಂಕಾರೇಶ.

ಓಂಕಾರೇಶ ರೈಲ್ವೆ ಗೇಟಿನ ಹತ್ತಿರ ಪವರ್ ಟಿಲ್ಲರ್ ಅಂಗಡಿ ಇಟ್ಟವನು. ವಯಸ್ಸು ಐವತ್ತೆರಡು. ಬಹಳ ಒಳ್ಳೆಯ ಮನುಷ್ಯ ಎಂದು ಊರೆಲ್ಲ ಒಪ್ಪುತ್ತದೆ. ಹಾಗೆ ಒಪ್ಪುವಾಗ ಊರು ಸ್ವಲ್ಪ ನಗುತ್ತದೆ. ಬೀರೂರಿನಲ್ಲಿ ಸೋದರತ್ತೆಯ ಮೊಮ್ಮಗಳ ಮದುವೆಗೆಂದು ಹೋಗಿ, ಪಕ್ಕದ ಛತ್ರಕ್ಕೆ ನುಗ್ಗಿ, ಗುರುತಿಲ್ಲದ ವಧೂವರರ ಮೇಲೆ ಅಕ್ಷತೆ ಹಾಕಿ, ಫೋಟೊಕ್ಕೂ ನಿಂತು, ಉಂಡು, ಮನೆಗೆ ಬಂದು "ಹುಡುಗಿ ಸ್ವಲ್ಪ ಬದಲಾಗಿದಾಳೆ" ಎಂದು ವರದಿ ಒಪ್ಪಿಸಿದವನು ಇವನೇ.

ಇಂಥ ಓಂಕಾರೇಶನನ್ನು ಟಿಲ್ಲರ್ ಕಂಪನಿಯವರು ಕೊರಿಯಾ ದೇಶಕ್ಕೆ ಕರೆದುಕೊಂಡು ಹೋದರು. ಚೆನ್ನಾಗಿ ವ್ಯಾಪಾರ ಮಾಡಿದ ಡೀಲರುಗಳಿಗೆ ಕಾರ್ಖಾನೆ ತೋರಿಸುವ ಆರು ದಿನದ ಪ್ರವಾಸ. ನಮ್ಮ ಕಡೆಯಿಂದ ಇಬ್ಬರು: ಕಡೂರಿನ ಹೊನ್ನೇಶ್ ಮತ್ತು ಅಜ್ಜಂಪುರದ ಓಂಕಾರೇಶ. ಹೊನ್ನೇಶನಿಗೆ ಯಾವ ಚಿಂತೆಯೂ ಇರಲಿಲ್ಲ, ಅವನು ಎಲ್ಲ ತಿನ್ನುವವನು. ಓಂಕಾರೇಶನ ಮನೆಯಲ್ಲಿ ಮಾತ್ರ, ಮೊಟ್ಟೆಯ ಚಿತ್ರವಿರುವ ಕ್ಯಾಲೆಂಡರನ್ನು ಕೂಡ ಗೋಡೆಗೆ ಹಾಕುವುದಿಲ್ಲ.

ಹೊರಡುವ ಮುಂಚೆ ಎರಡು ದಿನ ತಾಯಿ ಕಲ್ಲಮ್ಮ ಒಲೆ ಬಿಟ್ಟು ಏಳಲಿಲ್ಲ. ಎಪ್ಪತ್ತೆಂಟರ ಮುದುಕಿ, ಸೊಸೆ ಸೌಮ್ಯಳನ್ನು ಹತ್ತಿರ ಬಿಟ್ಟುಕೊಳ್ಳದೆ, ತಾನೇ ಒಣರೊಟ್ಟಿ ಬಡಿದಳು, ಚಟ್ನಿಪುಡಿ ಕುಟ್ಟಿದಳು, ಅವಲಕ್ಕಿಗೆ ಒಗ್ಗರಣೆ ಹಾಕಿದಳು, ಕೊಬ್ಬರಿ ಮಿಠಾಯಿ ಕೊಯ್ದಳು. ಎಲ್ಲವನ್ನೂ ಎರಡು ಚೀಲಕ್ಕೆ ತುಂಬಿ, "ಅಲ್ಲಿ ಏನೇನ್ ತಿಂತಾರೋ ಏನೋ. ಇದನ್ನ ಬಿಟ್ಟು ಬೇರೆ ಮುಟ್ಟಬ್ಯಾಡ ಕಣೋ" ಎಂದಳು. ಓಂಕಾರೇಶ ಅವಳ ಪಾದ ಮುಟ್ಟಿ ಒಪ್ಪಿಕೊಂಡ.

ವಿಮಾನ ಇಳಿದು ಹೊರಗೆ ಬರುವ ದಾರಿಯಲ್ಲಿ ಅಧಿಕಾರಿಯೊಬ್ಬ ಆ ಚೀಲಗಳನ್ನು ನೋಡಿ "ಫುಡ್?" ಎಂದು ಕೇಳಿದ. ಅಜ್ಜಂಪುರದಲ್ಲಿ ಒಬ್ಬ ಮನುಷ್ಯ ಇನ್ನೊಬ್ಬನ ಹತ್ತಿರ ಊಟದ ಮಾತೆತ್ತಿದರೆ ಅದಕ್ಕೆ ಉತ್ತರ ಒಂದೇ. ಪಾಪ, ಬೆಳಗಿನಿಂದ ನಿಂತೇ ಇದ್ದಾನೆ, ಇನ್ನೂ ಹೊಟ್ಟೆಗೇನೂ ಬಿದ್ದಿಲ್ಲ ಎಂದುಕೊಂಡ ಓಂಕಾರೇಶ ಮೇಜಿನ ಮೇಲೆ ಎರಡೂ ಚೀಲ ಬಿಚ್ಚಿದ. ರೊಟ್ಟಿ ಮುರಿದ, ಮೇಲೆ ಚಟ್ನಿಪುಡಿ ಹಾಕಿದ, "ತಗೊಳ್ಳಿ ಸಾರ್, ನಾಚ್ಕೋಬ್ಯಾಡಿ" ಎಂದು ಮುಂದೆ ಹಿಡಿದ. ಇನ್ನಿಬ್ಬರು ಅಧಿಕಾರಿಗಳು ಓಡಿ ಬಂದರು. ಅವರಿಗೂ ಮುರಿದ. ಒಬ್ಬಾಕೆ ಕೈಗವಸು ಹಾಕಿಕೊಂಡಾಗಲಂತೂ "ಎಷ್ಟ್ ಮಡಿ ನೋಡು" ಎಂದು ಹೊನ್ನೇಶನಿಗೆ ಮೆಚ್ಚಿ ಹೇಳಿದ. ಗವಸಿನ ಕೈಗಳು ಎರಡೂ ಚೀಲ ಎತ್ತಿಕೊಂಡು ಒಳಗೆ ಹೋದವು. ಅಂಥ ತಿನಿಸನ್ನು ಆ ದೇಶದೊಳಗೆ ಬಿಡುವಂತಿಲ್ಲವಂತೆ. ಕಾನೂನು ಕಾನೂನೇ, ಅವರದೇನೂ ತಪ್ಪಿಲ್ಲ. ಓಂಕಾರೇಶ ಮಾತ್ರ, ಉಂಡು ಮಿಕ್ಕಿದ್ದನ್ನು ವಾಪಸು ತರುತ್ತಾರೆಂದು ಅರ್ಧ ಗಂಟೆ ಅಲ್ಲೇ ಕಾದ.

ಆಮೇಲೆ ಮೂರು ದಿನ ಅವನು ಬಾಳೆಹಣ್ಣು ಮತ್ತು ಬಿಸಿನೀರಿನ ಮೇಲೆ ಬದುಕಿದ. ಯಾವ ಬಟ್ಟಲಿಗೆ ಬೆರಳು ತೋರಿಸಿದರೂ ಕಂಪನಿಯವರು ಜೊತೆಗೆ ಕೊಟ್ಟಿದ್ದ ದುಭಾಷಿ ಹುಡುಗಿ ಸ್ವಲ್ಪ ಯೋಚಿಸಿ, ಬೇಜಾರಿನಿಂದ ತಲೆಯಾಡಿಸುತ್ತಿದ್ದಳು. ಇದರಲ್ಲಿ ಮೀನು. ಅದರಲ್ಲಿ ಮೀನಿನ ರಸ. ಇದು ಬರೀ ಸೊಪ್ಪು, ಆದರೆ ಸೊಪ್ಪಿನಲ್ಲಿ ಸಿಗಡಿ. ಕಾರ್ಖಾನೆಯವರು ಹೊಸ ಮಾದರಿಯ ಟಿಲ್ಲರ್ ತೋರಿಸಿ ಹೇಗಿದೆ ಎಂದು ಕೇಳಿದಾಗ ಓಂಕಾರೇಶನಿಗೆ ಅದರ ಚಕ್ರ ನಿಪ್ಪಟ್ಟಿನ ಹಾಗೆ ಕಾಣಿಸಿತು.

ನಾಲ್ಕನೆಯ ದಿನ ಗಾಂಗ್‌ನಂಗ್ ಎಂಬ ಸಮುದ್ರತೀರದ ಊರು. ಅಲ್ಲಿ ಒಂದು ಬೀದಿ. ಬೀದಿಯ ತುಂಬ ಒಂದೇ ಪದಾರ್ಥ ಮಾಡುವ ಹೋಟೆಲುಗಳು. ಅದರಲ್ಲಿ ತೀರ ಸಣ್ಣದೊಂದರಲ್ಲಿ ಕೂಡಿಸಿದರು. ಹೋಟೆಲಿನ ಯಜಮಾನಿ ಒಬ್ಬಳು ಅಜ್ಜಿ. ಕಲ್ಲಮ್ಮನಷ್ಟೇ ವಯಸ್ಸು, ಕಲ್ಲಮ್ಮನಷ್ಟೇ ಎತ್ತರ. ಪಕ್ಕದ ಮೇಜಿಗೆ ಕೆಂಪು ಸಾರು ಕುದಿಯುತ್ತ ಬಂತು, ಅದರಲ್ಲಿ ಚಿಪ್ಪುಗಳು ಬಾಯಿ ತೆರೆದುಕೊಂಡಿದ್ದವು. ಓಂಕಾರೇಶ ಕಣ್ಣು ಮುಚ್ಚಿಕೊಂಡ. ಆ ಅಜ್ಜಿ ಅವನ ಮುಖ ನೋಡಿದಳು. ದುಭಾಷಿ ಹುಡುಗಿಯನ್ನು ಏನೋ ಕೇಳಿದಳು, ಒಳಗೆ ಹೋದಳು, ಒಂದು ಮಣ್ಣಿನ ಬಟ್ಟಲು ತಂದಿಟ್ಟಳು.

ಒಳಗೆ ಬೆಳ್ಳಗೆ, ಮೆತ್ತಗೆ, ಹಬೆಯಾಡುತ್ತಿತ್ತು. ಥೇಟ್ ಎಮ್ಮೆ ಗಿಣ್ಣು.

"ಸುಂದುಬು" ಎಂದಳು ಹುಡುಗಿ. "ಸೋಯಾ ಕಾಳಿನ ಹಾಲು ಕಾಯಿಸಿ ಒಡೆಸಿರೋದು. ಬೇರೆ ಕಡೆ ಒಡೆಸೋಕೆ ಏನೇನೋ ಹಾಕ್ತಾರೆ, ಈ ಬೀದಿಯವರು ಸಮುದ್ರದ ನೀರು ಹಾಕ್ತಾರೆ. ಇದಕ್ಕೆ ಮೀನು ಸೋಕಿಸಿಲ್ಲ" ಎಂದು ಅವಳು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಹೊನ್ನೇಶ ಕನ್ನಡಕ್ಕೆ ತಂದ. ಅಷ್ಟಕ್ಕೂ ನಂಬಿಕೆ ಬರಲಿಕ್ಕಿಲ್ಲವೆಂದು ಅಜ್ಜಿ ಓಂಕಾರೇಶನ ರಟ್ಟೆ ಹಿಡಿದು ಅಡುಗೆಮನೆಗೇ ಕರೆದುಕೊಂಡು ಹೋಗಿ, ಕಾಳಿನ ಮೂಟೆ, ಹಾಲಿನ ಹಂಡೆ, ನೀರಿನ ಡಬ್ಬ ಎಲ್ಲ ತೋರಿಸಿದಳು.

ಓಂಕಾರೇಶ ಮೂರು ಬಟ್ಟಲು ಉಂಡ. ಮೊದಲನೆಯದರ ರುಚಿ ಅವನಿಗೆ ಗೊತ್ತೇ ಆಗಲಿಲ್ಲ. ಎರಡನೆಯದರಲ್ಲಿ ಕಾಳಿನ ಸಿಹಿ, ಹಿಂದೆ ಸಣ್ಣಗೆ ಉಪ್ಪು ಗೊತ್ತಾಯಿತು. ಮೂರನೆಯದರಲ್ಲಿ ಕಣ್ಣಲ್ಲಿ ನೀರು ಬಂತು. ಹಬೆ ಎಂದು ಹೊನ್ನೇಶನಿಗೆ ಹೇಳಿದ.

ಉಂಡಾದ ಮೇಲೆ, ಮನೆಯಲ್ಲಿ ದಿನವೂ ಮಾಡುವ ಹಾಗೆ, ಬಟ್ಟಲಿಗೆ ನೀರು ಹಾಕಿ, ಬೆರಳಿನಿಂದ ಸುತ್ತ ತೊಳೆದು, ಆ ನೀರನ್ನು ಕುಡಿದ. ಪ್ರಸಾದದ ಒಂದು ಅಗುಳೂ ಚೆಲ್ಲಬಾರದೆಂದು ಕಲ್ಲಮ್ಮ ಕಲಿಸಿದ್ದು. ಅದನ್ನು ಕಂಡದ್ದೇ ಅಜ್ಜಿ ಕೈಯಲ್ಲಿದ್ದ ಸೌಟು ಕೆಳಗಿಟ್ಟು ಕೈಮುಗಿದಳು. ಆ ದೇಶದ ಬೌದ್ಧ ಮಠಗಳಲ್ಲಿ ಸನ್ಯಾಸಿಗಳು ಉಂಡ ಬಟ್ಟಲು ತೊಳೆದು ಕುಡಿಯುತ್ತಾರಂತೆ. ಓಂಕಾರೇಶನ ಹಣೆಯ ಮೇಲೆ ವಿಭೂತಿ ಬೇರೆ. "ಯಾವ ಮಠದ ಸ್ವಾಮಿಗಳು ಅಂತ ಕೇಳ್ತಿದಾರೆ" ಎಂದ ಹೊನ್ನೇಶ. ಬಾಯಲ್ಲಿ ನೀರು ತುಂಬಿಕೊಂಡಿದ್ದ ಓಂಕಾರೇಶ ನಮ್ಮ ಕಡೆಯವರು ಎಲ್ಲದಕ್ಕೂ ಆಡಿಸುವ ಹಾಗೆ ತಲೆಯಾಡಿಸಿದ. ಅಲ್ಲಿಗೆ ಅವನ ಪಟ್ಟಾಭಿಷೇಕವಾಯಿತು. ಅಜ್ಜಿ ದುಡ್ಡು ಮುಟ್ಟಲಿಲ್ಲ. ಓಂಕಾರೇಶ ಆಕೆಯ ಪಾದ ಮುಟ್ಟಲು ಬಗ್ಗಿದ. ಅದೇ ಹೊತ್ತಿಗೆ ಆಕೆ ಸ್ವಾಮಿಗಳಿಗೆ ನಮಸ್ಕಾರ ಮಾಡಲು ಬಗ್ಗಿದಳು. ತಲೆಗೆ ತಲೆ ಬಡಿದು, ಇಬ್ಬರೂ ನೆತ್ತಿ ಉಜ್ಜಿಕೊಳ್ಳುತ್ತ ನಕ್ಕರು. ಹೊನ್ನೇಶ ಫೋನಿನಲ್ಲಿ ಫೋಟೊ ಹಿಡಿದ.

ಇದಿಷ್ಟು ನಡೆದದ್ದು. ಊರಿಗೆ ಬಂದು ಹೇಳಿದ್ದು ಬೇರೆ.

ಅವನು ಬಂದ ಸಂಜೆ ಜಗಲಿಯ ತುಂಬ ಜನ. ಚಿಕ್ಕಪ್ಪ ಬೆನಕಪ್ಪ ಕುರ್ಚಿ ಹಾಕಿಸಿಕೊಂಡು ಕೂತಿದ್ದ. ಮೂವತ್ತು ವರ್ಷ ರೆವಿನ್ಯೂ ಇಲಾಖೆಯಲ್ಲಿದ್ದು ನಿವೃತ್ತನಾದವನು, ಈಗಲೂ ಯಾರಾದರೂ ಕೆಮ್ಮಿದರೆ ದಾಖಲೆ ಕೇಳುತ್ತಾನೆ. ಪಕ್ಕದ ಮನೆಯ ಹೈಸ್ಕೂಲ್ ಮೇಡಂ ಶ್ರೀವಿದ್ಯಾ ಇದ್ದರು. ಕಲ್ಲಮ್ಮ ಬಾಗಿಲಿಗೆ ಒರಗಿ ನಿಂತು ಮೊದಲ ಪ್ರಶ್ನೆ ಕೇಳಿದಳು: "ರೊಟ್ಟಿ ಸಾಕಾಯ್ತೇನೋ?"

ಓಂಕಾರೇಶ ತಾಯಿಯ ಕೈ ನೋಡಿದ. ರೊಟ್ಟಿ ಬಡಿದು ಬಲಗೈ ಹೆಬ್ಬೆರಳಿನ ಹತ್ತಿರ ಎದ್ದಿದ್ದ ಬೊಬ್ಬೆ ಇನ್ನೂ ಆರಿರಲಿಲ್ಲ. ನಿನ್ನ ರೊಟ್ಟಿಯನ್ನು ಮೊದಲನೇ ದಿನವೇ ಕಳಕೊಂಡು ಮೂರು ದಿನ ಉಪವಾಸ ಬಿದ್ದಿದ್ದೆ ಎಂದು ಹೇಳಲು ಅವನಿಗೆ ನಾಲಿಗೆ ಏಳಲಿಲ್ಲ.

"ಸಾಕಾಗೋದೇನವ್ವಾ, ಮಿಕ್ಕೋಯ್ತು!" ಎಂದ. "ಆಫೀಸರ್‌ಗಳೆಲ್ಲ ಬಂದು ಕೈ ಹಾಕಿದ್ರು."

ಇಲ್ಲಿಗೆ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಜಗಲಿಯ ತುಂಬ ಜನ ಕೂತು ಕೇಳುವ ಭಾಗ್ಯ ಓಂಕಾರೇಶನಿಗೆ ಹಿಂದೆಂದೂ ಬಂದಿರಲಿಲ್ಲ. ಅಲ್ಲಿ ತನ್ನನ್ನು ಸ್ವಾಮಿಗಳೆಂದು ಕೂರಿಸಿ ಔತಣ ಹಾಕಿದರೆಂದ. ಸುಂದುಬು ಎಂಬ ದಿವ್ಯ ಪದಾರ್ಥದ ವರ್ಣನೆ ಶುರು ಮಾಡಿದ. ಹಾಲು ಒಡೆಸುವಲ್ಲಿಗೆ ಬಂದಾಗ, ಕಥೆ ಇನ್ನೂ ರಂಗೇರಲೆಂದು, ದನಿ ಎತ್ತಿ "ಸಮುದ್ರದ ನೀರು!" ಎಂದ.

ಬೆನಕಪ್ಪ ಕನ್ನಡಕ ತೆಗೆದ. ಅವನು ಕನ್ನಡಕ ತೆಗೆದರೆ ಯಾರದೋ ಜಮೀನು ಹೋಯಿತೆಂದೇ ಲೆಕ್ಕ.

"ತಡಿ ತಡಿ. ಸಮುದ್ರದ್ದು ಪಹಣಿ ತೆಗೆದ್ರೆ ಒಂಬತ್ತನೇ ಕಾಲಂನಲ್ಲಿ, ಒಡೆಯ ಅನ್ನೋ ಜಾಗದಲ್ಲಿ, ಯಾರ ಹೆಸರಿರುತ್ತೆ?"

"ಯಾರ್ದು ಚಿಕ್ಕಪ್ಪಾ?"

"ಮೀನಿಂದು. ಹನ್ನೆರಡನೇ ಕಾಲಂ, ಉಳುಮೆ ಮಾಡೋರು? ಅದೂ ಮೀನೇ. ಹುಟ್ಟೋದು ಅಲ್ಲೇ, ಸಾಯೋದು ಅಲ್ಲೇ, ಮಧ್ಯದಲ್ಲಿ ಮಾಡೋದೆಲ್ಲಾನೂ ಅಲ್ಲೇ. ಸಮುದ್ರ ಅಂದ್ರೆ ಏನ್ಲೇ? ದೇವ್ರು ಉಪ್ಪು ಹಾಕಿ ಇಟ್ಟಿರೋ ಮೀನಿನ ಸಾರು! ನೀನು ಅದರಲ್ಲಿ ಮಾಡಿದ್ದನ್ನ ಮೂರು ಬಟ್ಲು ಕುಡಿದು ಬಂದಿದೀಯ."

ಎಲ್ಲರೂ ಕಲ್ಲಮ್ಮನ ಕಡೆ ನೋಡಿದರು. ಕಲ್ಲಮ್ಮ ಮಗನನ್ನು ಒಂದೇ ಮಾತು ಕೇಳಿದಳು: "ನನ್ ರೊಟ್ಟಿ ಮಿಕ್ಕಿತ್ತು ಅಂದ್ಯಲ್ಲ?"

"ಹೂಂ ಅವ್ವ."

"ಹೊಟ್ಟೆ ತುಂಬಿದ್ರೂ ನಾಲಿಗೆ ಚಪಲಕ್ಕೆ ಅದನ್ನ ತಿಂದ್ಯಾ?" ಉತ್ತರಕ್ಕೆ ಕಾಯದೆ ಅವಳು ಒಳಗೆ ಹೋದಳು.

ಅಪ್ಪ ತೀರಿಕೊಂಡ ಮೇಲೆ ದಿನವೂ ಸಂಜೆ ಏಳಕ್ಕೆ ತಾಯಿ ಮಗ ಎದುರುಬದುರು ಕೂತು ಉಣ್ಣುವುದು ಆ ಮನೆಯ ಪದ್ಧತಿ. ಮುದ್ದೆಗೆ ತುಪ್ಪ ಬಿಡುವುದು ಕಲ್ಲಮ್ಮನ ಕೈಯೇ. ಸೌಮ್ಯ ಬಿಟ್ಟರೂ ಓಂಕಾರೇಶ ಒಪ್ಪುತ್ತಿರಲಿಲ್ಲ. ಆ ಸಂಜೆ ಕಲ್ಲಮ್ಮ ತನ್ನ ತಟ್ಟೆ ತೆಗೆದುಕೊಂಡು ಹಿತ್ತಲ ಬಾಗಿಲ ಹತ್ತಿರ ಹೋಗಿ, ಗೋಡೆಯ ಕಡೆ ಮುಖ ಮಾಡಿ ಕೂತಳು. ಓಂಕಾರೇಶನ ಮುದ್ದೆ ತುಪ್ಪವಿಲ್ಲದೆ ತಣ್ಣಗಾಯಿತು. ಕೊರಿಯಾದ ಮೂರು ದಿನಕ್ಕಿಂತ ಆ ಒಂದು ಊಟ ಅವನಿಗೆ ಕಷ್ಟವಾಯಿತು.

ಅವಳನ್ನು ಮತ್ತೆ ತನ್ನೆದುರಿಗೆ ಕೂರಿಸಬೇಕು, ಅಷ್ಟೇ ಅವನಿಗೆ ಬೇಕಾಗಿದ್ದದ್ದು. ಅದಕ್ಕೆ ಸತ್ಯ ಹೇಳುವುದೊಂದು ಬಿಟ್ಟು ಮಿಕ್ಕೆಲ್ಲ ದಾರಿಗಳನ್ನೂ ಹಿಡಿದ.

ಮಾರನೆಯ ದಿನ ಒಂದು ಭಾರಿ ಯುಕ್ತಿ ಹೊಳೆಯಿತು. "ಅವ್ವ, ಉಪ್ಪು ಎಲ್ಲಿಂದ ಬತ್ತದೆ? ಸಮುದ್ರದಿಂದ ತಾನೆ? ಅದನ್ನ ನೀನೂ ತಿಂತೀಯಲ್ಲ?" ಎಂದು ಗೆದ್ದವನ ಹಾಗೆ ಕೇಳಿದ.

ಕಲ್ಲಮ್ಮ "ಹೌದಲ್ವಾ" ಎಂದಳು. ಆಮೇಲೆ ಎದ್ದು ಹೋಗಿ ಉಪ್ಪಿನ ಮಡಕೆಯನ್ನು ಹಿತ್ತಲಿನಲ್ಲಿಟ್ಟು ಬಂದಳು. ಅವತ್ತಿನಿಂದ ಮನೆಯಲ್ಲಿ ಉಪ್ಪಿಲ್ಲ.

"ರೀ, ನಿಮಗೆ ಬಾಯಿ ಅನ್ನೋದು ಯಾಕಿದೆ?" ಎಂದು ಸೌಮ್ಯ ಸಪ್ಪೆ ಸಾರಿನ ಪಾತ್ರೆ ತಂದು ಅವನ ಮುಂದೆ ಕುಕ್ಕಿದಳು. ಮೂರು ದಿನದಲ್ಲಿ ಸುದ್ದಿ ಬೀದಿಗೆಲ್ಲ ಹಬ್ಬಿತು. ಕಲ್ಲಮ್ಮ ಬಿಟ್ಟದ್ದನ್ನು ತಾವು ತಿನ್ನುವುದು ಹೇಗೆಂದು ಇನ್ನಿಬ್ಬರು ಮುದುಕಿಯರೂ ಉಪ್ಪು ಬಿಟ್ಟರು. ಅವರ ಸೊಸೆಯಂದಿರು ದಾರಿಯಲ್ಲಿ ಓಂಕಾರೇಶನನ್ನು ಕಂಡರೆ ಸೆರಗು ಕೊಡವಿಕೊಂಡು ಹೋಗತೊಡಗಿದರು. ಬೆನಕಪ್ಪನ ಮನೆಯಲ್ಲಿ ಮಾತ್ರ ಉಪ್ಪು ನಡೆದಿತ್ತು. ಬಹಳ ವರ್ಷದಿಂದ ರೂಢಿಯಲ್ಲಿರುವುದಕ್ಕೆ ಕಾನೂನಿನಲ್ಲಿ ಬೇರೆ ರಿಯಾಯಿತಿ ಇದೆಯೆಂದು ಅವನ ವಾದ.

ಗಣಿಯಿಂದ ಅಗೆದು ತೆಗೆಯುವ ಸೈಂಧವ ಲವಣಕ್ಕೂ ಸಮುದ್ರಕ್ಕೂ ಸಂಬಂಧವಿಲ್ಲವೆಂದು ಓಂಕಾರೇಶ ಒಂದು ಪೊಟ್ಟಣ ತಂದ. ಧೈರ್ಯಕ್ಕೆ ಶ್ರೀವಿದ್ಯಾ ಮೇಡಂ ಬಾಯಲ್ಲೂ ಒಂದು ಮಾತು ಹೇಳಿಸೋಣವೆಂದು ಕರೆದ. ಮೇಡಂ ಮೂವತ್ತು ವರ್ಷ ವಿಜ್ಞಾನ ಹೇಳಿದವರು, ಸುಳ್ಳು ಬರುವುದಿಲ್ಲ. "ಇದೂ ಸಮುದ್ರದ್ದೇ ಕಲ್ಲಮ್ಮನೋರೆ. ಕೋಟ್ಯಂತರ ವರ್ಷದ ಹಿಂದೆ ಅಲ್ಲಿ ಸಮುದ್ರ ಇತ್ತು. ಬತ್ತಿ ಹೋಗಿ ಉಪ್ಪಾಯ್ತು" ಎಂದು ಸಂತೋಷದಿಂದ ವಿವರಿಸಿದರು.

"ಆಗ್ಲೂ ಮೀನಿತ್ತಾ?" ಎಂದಳು ಕಲ್ಲಮ್ಮ.

"ದೊಡ್ಡ ದೊಡ್ಡವು" ಎಂದರು ಮೇಡಂ. ಸೈಂಧವವೂ ಹಿತ್ತಲಿಗೆ ಹೋಯಿತು.

ಹತ್ತನೆಯ ದಿನಕ್ಕೆ ಕಲ್ಲಮ್ಮನಿಗೆ ಎದ್ದರೆ ತಲೆ ಸುತ್ತತೊಡಗಿತು. ಓಂಕಾರೇಶ ಗಾಬರಿಯಿಂದ ತರೀಕೆರೆಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಅಲ್ಲಿ ಮಗನ ಮೇಲಿನ ಸಿಟ್ಟಿನಲ್ಲಿದ್ದ ಕಲ್ಲಮ್ಮ ತಲೆ ಸುತ್ತುವ ವಿಷಯ ಬಾಯಿ ಬಿಡಲಿಲ್ಲ. ಉಪ್ಪು ಬಿಟ್ಟಿದ್ದೇನೆ ಎಂದಷ್ಟೇ ಹೇಳಿದಳು. ಡಾಕ್ಟರು ಕುರ್ಚಿಯಿಂದ ಎದ್ದೇ ಬಿಟ್ಟರು. "ಇಪ್ಪತ್ತು ವರ್ಷದಿಂದ ಬಡ್ಕೋತಿದೀನಿ, ಉಪ್ಪು ಕಮ್ಮಿ ಮಾಡಿ ಅಂತ. ನನ್ನ ಮಾತು ಕೇಳಿದ ಮೊದಲ್ನೇ ಪೇಷಂಟು ನೀವು ಕಣಮ್ಮಾ!" ಎಂದು ಹೊರಗೆ ಕೂತ ರೋಗಿಗಳನ್ನೆಲ್ಲ ಒಳಗೆ ಕರೆದು ತೋರಿಸಿದರು. ಓಂಕಾರೇಶ ಹೇಳಲು ಬಾಯಿ ತೆರೆದಾಗಲೆಲ್ಲ "ನೀವು ಸುಮ್ನಿರಿ, ತಾಯಿನ ನೋಡಿ ಕಲೀರಿ" ಎಂದರು. ಬಸ್ಸಿನಲ್ಲಿ ವಾಪಸು ಬರುವಾಗ ಕಲ್ಲಮ್ಮ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಪಕ್ಕದಲ್ಲಿ ಕೂತ ಓಂಕಾರೇಶನಿಗೆ ಅವಳ ಮಣಿಕಟ್ಟು ಸಣ್ಣಗಾಗಿರುವುದು ಕಾಣಿಸಿತು.

ಇನ್ನು ಸರ್ಕಾರವೇ ಗತಿ ಎಂದುಕೊಂಡು ಅವನು ಕಡೂರಿಗೆ ಹೋದ. ಪ್ಯಾಕೆಟ್ಟಿನ ಮೇಲೆ ಹಸಿರು ಚುಕ್ಕಿ ಇದ್ದರೆ ಸಸ್ಯಾಹಾರ ಎಂದು ಕಲ್ಲಮ್ಮ ಒಪ್ಪುತ್ತಾಳೆ. ಬಿಸ್ಕತ್ತು ಕೂಡ ಚುಕ್ಕಿ ನೋಡಿಯೇ ತಿನ್ನುವುದು. ಅಲ್ಲಿಯ ಆಹಾರ ಅಧಿಕಾರಿ ಕೃಷ್ಣಸ್ವಾಮಿ ಸಾಧು ಮನುಷ್ಯರು. ಅರ್ಜಿ ತೆಗೆದುಕೊಂಡು ಜೋರಾಗಿ ಓದಿದರು: "ವಿಷಯ: ಸಮುದ್ರಕ್ಕೆ ಹಸಿರು ಚುಕ್ಕಿ ಮಂಜೂರು ಮಾಡಿಕೊಡುವ ಬಗ್ಗೆ."

"ಯಾವ ಸಮುದ್ರ?" ಎಂದರು.

"ಕೊರಿಯಾದ್ದು ಸಾರ್."

"ನಮ್ಮ ವ್ಯಾಪ್ತಿಗೆ ಬರಲ್ಲ."

"ಇಲ್ಲಿಂದೇ ಆದ್ರೂ ಪರವಾಗಿಲ್ಲ ಸಾರ್. ಎಲ್ಲ ಒಂದಕ್ಕೊಂದು ಸೇರ್ಕೊಂಡಿರ್ತಾವಲ್ಲ."

ಕೃಷ್ಣಸ್ವಾಮಿ ಕನಿಕರದಿಂದ ನೋಡಿದರು. "ನೋಡಿ ಓಂಕಾರೇಶ್, ಚುಕ್ಕಿಗೆ ತಯಾರಕರೇ ಅರ್ಜಿ ಹಾಕ್ಬೇಕು. ಸಮುದ್ರದ ತಯಾರಕರು ಯಾರು?"

ಓಂಕಾರೇಶ ಮೇಲೆ ನೋಡಿದ. ಕೃಷ್ಣಸ್ವಾಮಿಯವರೂ ಮೇಲೆ ನೋಡಿದರು. ಮೇಲೆ ಫ್ಯಾನು ತಿರುಗುತ್ತಿತ್ತು. "ಅವರ ಸಹಿ ತಗೊಂಡು ಬನ್ನಿ, ನಾನು ಆ ದಿನವೇ ಮಾಡ್ಕೊಡ್ತೀನಿ" ಎಂದು ಅರ್ಜಿ ವಾಪಸು ಕೊಟ್ಟರು.

ಕಚೇರಿಯಿಂದ ಹೊರಗೆ ಬಂದು ಪೆಚ್ಚಾಗಿ ನಿಂತವನನ್ನು ಹೊನ್ನೇಶ ಕಂಡ. ಸಮುದ್ರದ ಗಲಾಟೆ ಅವನ ಕಿವಿಗೂ ಬಿದ್ದಿತ್ತು. "ನಾನ್ ಬಂದು ಅಮ್ಮಂಗೆ ಹೇಳ್ತೀನಿ ಬಾ ಓಂಕಾರಣ್ಣ" ಎಂದು ತನ್ನ ಗಾಡಿಯಲ್ಲೇ ಕೂರಿಸಿಕೊಂಡು ಹೊರಟ. ಏನು ಹೇಳಬಾರದು ಎಂಬುದನ್ನು ದಾರಿಯುದ್ದಕ್ಕೂ ಓಂಕಾರೇಶ ಹೇಳಿಕೊಟ್ಟ. ಎದುರುಗಾಳಿಗೆ ಹೊನ್ನೇಶನಿಗೆ ಒಂದಕ್ಷರವೂ ಕೇಳಿಸಲಿಲ್ಲ.

ಜಗಲಿಯ ಮೇಲೆ ಬೆನಕಪ್ಪ ಇದ್ದೇ ಇದ್ದ. ಕಲ್ಲಮ್ಮ ಹೊನ್ನೇಶನಿಗೆ ನೀರು ಬೆಲ್ಲ ಕೊಟ್ಟಳು. ಅವನು ಬೆಲ್ಲ ಬಾಯಿಗೆ ಹಾಕಿಕೊಂಡು ಶುರು ಮಾಡಿದ:

"ಅಮ್ಮಾ, ಸಮುದ್ರಗಿಮುದ್ರ ಬಿಡಿ. ನೀವು ಕೊಟ್ಟಿದ್ದೆರಡು ಚೀಲನ ಏರ್‌ಪೋರ್ಟಲ್ಲೇ ಕಿತ್ಕೊಂಡ್ಬಿಟ್ರು. ಇವನು ಮೂರು ದಿನ ಬಾಳೆಹಣ್ಣು ತಿಂದ್ಕೊಂಡು ಬಿದ್ದಿದ್ದ. ಯಾವ್ದಕ್ಕೂ ಕೈ ಹಾಕ್ಲಿಲ್ಲ. 'ನಮ್ಮವ್ವಂಗೆ ಮಾತು ಕೊಟ್ಟಿದೀನಿ' ಅಂತಿದ್ದ. ನಾಲ್ಕನೇ ದಿನ ನಿಂತ ಕಡೆ ವಾಲ್ತಿದ್ದ ಕಣಮ್ಮಾ. ಆ ಅಜ್ಜಿ ಮುಖ ನೋಡೇ ಕಂಡ್ಕೊಂಡ್ರು. ಆಯಮ್ಮ ಇಲ್ದಿದ್ರೆ ನಾನು ಇವನನ್ನ ಹೊತ್ಕೊಂಡು ಬರಬೇಕಾಗಿತ್ತು."

ಫೋನು ತೆಗೆದು ತೋರಿಸಿದ. ಸೊರಗಿದ ಮುಖದ ಓಂಕಾರೇಶ ನೆತ್ತಿ ಉಜ್ಜಿಕೊಳ್ಳುತ್ತಿದ್ದಾನೆ. ಎದುರಿಗೆ ಒಬ್ಬಳು ಮುದುಕಿಯೂ ನೆತ್ತಿ ಉಜ್ಜಿಕೊಳ್ಳುತ್ತಿದ್ದಾಳೆ. ನಡುವೆ ಮೂರು ಖಾಲಿ ಬಟ್ಟಲು, ತೊಳೆದ ಹಾಗೆ.

ಕಲ್ಲಮ್ಮ ಫೋನನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು.

"ಲೇ ಓಂಕಾರ. ಮೂರು ದಿನ ಉಂಡಿರ್ಲಿಲ್ವಾ?"

ಓಂಕಾರೇಶ ನೆಲ ನೋಡುತ್ತ "ಇಲ್ಲವ್ವ" ಎಂದ.

"ಯಾಕ್ಲೇ ಹೇಳ್ಲಿಲ್ಲ?"

"ನಿನ್ ಕೈಯಲ್ಲಿ ಬೊಬ್ಬೆ ಇತ್ತು."

ಕಲ್ಲಮ್ಮನ ಕಣ್ಣು ತುಂಬಿತು. ಸೆರಗಿನಿಂದ ಒರೆಸಿಕೊಂಡು, ಒಡನೆಯೇ ಸಿಟ್ಟು ತಂದುಕೊಂಡು, "ಬಟ್ಲು ತೊಳ್ದು ಕುಡಿದ್ಯಾ?" ಎಂದಳು.

"ಕುಡಿದೆ."

"ಆಯಮ್ಮಂಗೆ ಏನ್ ಕೊಟ್ಟು ಬಂದೆ?"

"ದುಡ್ಡು ಮುಟ್ಲಿಲ್ಲ ಅವ್ವ."

"ಹಸಿದ ಮಗನಿಗೆ ಉಣ್ಣಕಿಕ್ಕಿದೋಳ ಮನೆಯಿಂದ ಬರಿಗೈಲಿ ಎದ್ದು ಬಂದ್ಯಾ, ಮೂದೇವಿ? ಒಂದು ರವಿಕೆ ಕಣನೂ ಇಲ್ಲ, ಎರಡು ಬಳೆನೂ ಇಲ್ಲ? ನಮ್ಮ ಮನೆತನದ ಬಗ್ಗೆ ಏನಂದ್ಕೊಂಡಿರ್ತಾಳೆ!"

ಬೆನಕಪ್ಪ ಕನ್ನಡಕ ತೆಗೆದ. "ಅತ್ತಿಗೆ, ಅದೆಲ್ಲ ಸರಿ. ಸಮುದ್ರ ಮೀನಿನ ಸ್ವಾಧೀನದಲ್ಲಿ..."

"ಸಮುದ್ರ ಮೀನಿಂದೇ ಇರ್ಲಿ ಕಣಪ್ಪಾ. ಬಟ್ಲು ಆಯಮ್ಮಂದಲ್ವಾ?" ಎಂದಳು ಕಲ್ಲಮ್ಮ. ಮೂವತ್ತು ವರ್ಷದ ಸರ್ವೀಸಿನಲ್ಲಿ ಬೆನಕಪ್ಪನಿಗೆ ಇಂಥ ತಕರಾರು ಬಂದಿರಲಿಲ್ಲ. ಕನ್ನಡಕ ಮತ್ತೆ ಹಾಕಿಕೊಂಡ.

ಆ ಸಂಜೆ ಏಳಕ್ಕೆ ಕಲ್ಲಮ್ಮ ಮಗನ ಎದುರಿಗೆ ಕೂತಳು. ಉಪ್ಪಿನ ಮಡಕೆ ಹಿತ್ತಲಿನಿಂದ ಒಳಗೆ ಬಂತು. ಮುದ್ದೆಗೆ ಗುಂಡಿ ಮಾಡಿ ಕಲ್ಲಮ್ಮ ತುಪ್ಪ ಬಿಟ್ಟಳು, ಸಾಕು ಅಂದರೂ ಬಿಟ್ಟಳು. ಹತ್ತೊಂಬತ್ತು ದಿನದ ಮೇಲೆ ಓಂಕಾರೇಶ ಹೊಟ್ಟೆ ತುಂಬ ಉಂಡ. ತಾನು ಭಾಗ್ಯವಂತ ಎಂದು ಅವನಿಗೆ ಅನ್ನಿಸಿತು, ಮುಚ್ಚಿಟ್ಟುಕೊಳ್ಳಲಾರದೆ ಬಾಯಿ ಬಿಟ್ಟೂ ಹೇಳಿದ. "ಮಾತಾಡ್ಬೇಡ, ಉಣ್ಣು" ಎಂದಳು ಕಲ್ಲಮ್ಮ.

ಮೂರು ದಿನ ಬಿಟ್ಟು ತಾಯಿ, ಮಗ, ಸೊಸೆ ಮೂವರೂ ಅಂಚೆ ಕಚೇರಿಗೆ ಹೋದರು. ಕಲ್ಲಮ್ಮನ ಬುಟ್ಟಿಯಲ್ಲಿ ಹಸಿರು ರವಿಕೆ ಕಣ, ಒಂದು ಡಜನ್ ಗಾಜಿನ ಬಳೆ, ಅರಿಶಿನ ಕುಂಕುಮ, ಮಡಿಲಕ್ಕಿಗೆಂದು ಅಕ್ಕಿ, ಬೆಲ್ಲದ ಅಚ್ಚು, ಎರಡು ತೆಂಗಿನಕಾಯಿ. ಜೊತೆಗೆ ಹೊನ್ನೇಶ ಹಿಡಿದ ಫೋಟೊದ ಒಂದು ಪ್ರತಿ, ಅದರ ಹಿಂದೆ 'ಇವನ ತಾಯಿಯಿಂದ' ಎಂದು ಶ್ರೀವಿದ್ಯಾ ಮೇಡಂ ಇಂಗ್ಲಿಷಿನಲ್ಲಿ ಬರೆದುಕೊಟ್ಟಿದ್ದರು. ಪೋಸ್ಟ್‌ಮಾಸ್ಟರ್ ಲಕ್ಷ್ಮಣಪ್ಪನವರು ಮೊದಲು ವಿಳಾಸ ಕೇಳಿದರು. ಓಂಕಾರೇಶ ಅಜ್ಜಿಯ ಹೋಟೆಲಿನಿಂದ ತಂದಿದ್ದ ಚೀಟಿ ಕೊಟ್ಟ. ಮೇಲಿಂದ ಕೆಳಗಿನವರೆಗೆ ಕೊರಿಯಾ ಅಕ್ಷರ.

"ಏನಪ್ಪಾ ಇದು, ಅಡ್ರೆಸ್ಸೋ ರಂಗೋಲಿನೋ?"

"ಅಡ್ರೆಸ್ಸೇ ಸಾರ್. ಹಾಗೇ ಅಂಟಿಸ್ಬಿಡಿ. ಅಲ್ಲಿಯವರಿಗೆ ಓದಕ್ಕೆ ಬರುತ್ತೆ."

ಲಕ್ಷ್ಮಣಪ್ಪನವರು ಬುಟ್ಟಿಯೊಳಗೆ ಇಣುಕಿದರು. ಬಟ್ಟೆ ಹೋಗಬಹುದು. ಬಳೆ, ಒಡೆದರೆ ತನ್ನನ್ನು ಕೇಳಬಾರದು. ಕಾಯಿ, ಅಕ್ಕಿ, ಬೆಲ್ಲ ಮಾತ್ರ ಹೊರದೇಶಕ್ಕೆ ಕಳಿಸುವ ಹಾಗಿಲ್ಲ. ಓಂಕಾರೇಶನಿಗೆ ಗವಸಿನ ಕೈಗಳು ನೆನಪಾಗಿ, "ಹೌದವ್ವ, ಅವರು ಬಿಡಲ್ಲ" ಎಂದ.

"ಅಕ್ಕಿ ಕಾಯಿ ಇಲ್ದೆ ಮಡಿಲು ತುಂಬದು ಹೆಂಗೆ? ಬರೀ ಬಟ್ಟೆ ಕಳ್ಸೋಕೆ ಅದೇನು ದರ್ಜಿ ಅಂಗಡಿನಾ?" ಎಂದಳು ಕಲ್ಲಮ್ಮ. ಹಿಂದೆ ಸಾಲಿನಲ್ಲಿ ಹತ್ತು ಜನ ನಿಂತಿದ್ದರು. ಯಾರಿಗೂ ಆತುರವಿದ್ದ ಹಾಗೆ ಕಾಣಲಿಲ್ಲ. ಸಾಲಿನಿಂದ ಒಬ್ಬಾಕೆ, "ಆ ಅಜ್ಜಿಗೆ ಗಂಡ ಇದಾರೇನ್ರೀ? ಬಳೆ ಕಳುಸ್ತಿದೀರಲ್ಲ" ಎಂದು ಕೇಳಿದಳು. ಎಲ್ಲರೂ ಓಂಕಾರೇಶನ ಕಡೆ ತಿರುಗಿದರು. ಅವನು ಕೇಳಿರಲೇ ಇಲ್ಲ.

"ಇರ್ಲಿ, ಇಲ್ದೇ ಹೋಗ್ಲಿ" ಎಂದಳು ಕಲ್ಲಮ್ಮ. "ನಂಗೂ ಇಲ್ಲ. ಕಂಡೋರ ಮಗನ ಹಸಿವು ಮುಖ ನೋಡಿ ತಿಳ್ಕೊಂಡೋಳು, ಅವಳಿಗಿಂತ ಮುತ್ತೈದೆ ಯಾರಿದಾರೆ?"

ಕಚೇರಿಯ ಕಸ ಗುಡಿಸಿ ಮುಗಿಸಿ, ಪೊರಕೆ ಮೂಲೆಗಿಟ್ಟು ಕರಿಯಮ್ಮ ಇದನ್ನೆಲ್ಲ ಕೇಳುತ್ತ ನಿಂತಿದ್ದಳು. ಕಲ್ಲಮ್ಮ ಅವಳನ್ನು ಕರೆದಳು. "ಬಾರೇ ಕರಿಯಮ್ಮ. ಆಯಮ್ಮನ ಬದ್ಲಿಗೆ ನೀನು ಹಿಡಿ." ಕೌಂಟರಿನ ಮುಂದೆಯೇ ಅವಳನ್ನು ಪೂರ್ವಕ್ಕೆ, ಅಂದರೆ ಕೊರಿಯಾದ ಕಡೆಗೆ, ಮುಖ ಮಾಡಿ ನಿಲ್ಲಿಸಿ ಅರಿಶಿನ ಕುಂಕುಮ ಕೊಟ್ಟಳು. ಅಕ್ಕಿ, ಕಾಯಿ, ಬೆಲ್ಲವನ್ನು ಮೊದಲು ರವಿಕೆ ಕಣಕ್ಕೆ ಮುಟ್ಟಿಸಿ, ಆಮೇಲೆ ಕರಿಯಮ್ಮನ ಸೆರಗಿಗೆ ಹಾಕಿದಳು. "ನಂದೇನೈತ್ರವ್ವ ಇದ್ರಲ್ಲಿ, ಅಲ್ಲಿಯೋರು ಚೆನ್ನಾಗಿರ್ಲಿ" ಎಂದಳು ಕರಿಯಮ್ಮ ಸೆರಗು ಕಟ್ಟಿಕೊಳ್ಳುತ್ತ. ಲಕ್ಷ್ಮಣಪ್ಪನವರು ಠಸ್ಸೆ ಹಿಡಿದ ಕೈ ಎತ್ತಿಕೊಂಡೇ ನಿಂತಿದ್ದರು. ಕೊನೆಗೆ ಅಕ್ಷತೆ ಹಾಕಿದವರ ಹಾಗೆ ಪಾರ್ಸಲ್ಲಿನ ಮೇಲೆ ಮೃದುವಾಗಿ ಒತ್ತಿದರು.

ಯುಗಾದಿಗೆ ಎಂಟು ದಿನವಿರುವಾಗ ಲಕ್ಷ್ಮಣಪ್ಪನವರೇ ಖುದ್ದಾಗಿ ಮನೆಗೆ ಬಂದು ಒಂದು ಸಣ್ಣ ಪಾರ್ಸಲ್ ಕೊಟ್ಟರು. ಒಳಗೆ ಒಂದು ಫೋಟೊ. ಹಂಡೆಯ ಮುಂದೆ ಅಜ್ಜಿ ನಿಂತಿದ್ದಾಳೆ. ತಲೆಗೆ ಕಲ್ಲಮ್ಮನ ಹಸಿರು ರವಿಕೆ ಕಣ ಕಟ್ಟಿಕೊಂಡಿದ್ದಾಳೆ. ಬಳೆ ಅವಳ ಕೈಗೆ ಏರಲಿಲ್ಲವೆಂದು ಕಾಣುತ್ತದೆ, ಹನ್ನೆರಡನ್ನೂ ಸೌಟಿನ ಪಕ್ಕದ ಮೊಳೆಗೆ ತೂಗುಹಾಕಿದ್ದಾಳೆ. ಜೊತೆಗೆ ಒಂದು ಪತ್ರ. ಶ್ರೀವಿದ್ಯಾ ಮೇಡಂ ಫೋನಿಗೆ ತೋರಿಸಿ ಕನ್ನಡ ಮಾಡಿಸಿ ಓದಿದರು: "ಸ್ವಾಮಿಗಳ ತಾಯಿಯವರಿಗೆ ನಮಸ್ಕಾರ. ಸ್ವಾಮಿಗಳಿಗೆ ತಾಯಿ ಇದ್ದಾರೆಂದು ತಿಳಿದು ಸಂತೋಷವಾಯಿತು. ಅವರು ಈಗ ಹೊಟ್ಟೆ ತುಂಬ ಊಟ ಮಾಡುತ್ತಿದ್ದಾರೆಯೇ? ತಲೆ ನೋವು ಹೋಯಿತೇ?" ಪತ್ರದ ಕೆಳಗೆ ಒಂದು ಬಿಳಿ ಪೊಟ್ಟಣ. ತಮ್ಮ ಊರಿನ ಸಮುದ್ರದ ಉಪ್ಪಂತೆ.

ಎಲ್ಲರೂ ಕಲ್ಲಮ್ಮನನ್ನೇ ನೋಡಿದರು. ಅವಳು ಪೊಟ್ಟಣವನ್ನು ಕಣ್ಣಿಗೊತ್ತಿಕೊಂಡು ಅಡುಗೆಮನೆಗೆ ಹೋದಳು.

ಆ ಸಂಜೆ ಬೆನಕಪ್ಪನೂ ಊಟಕ್ಕಿದ್ದ. ಎರಡು ಸಲ ಸಾರು ಹಾಕಿಸಿಕೊಂಡ. "ಅತ್ತಿಗೆ, ಇವತ್ತು ಸಾರು ಭಾಳ ಹಿಡಿಸ್ತು ಕಣಮ್ಮಾ. ಏನ್ ಹಾಕಿದೀಯ?"

"ಸಮುದ್ರ" ಎಂದಳು ಕಲ್ಲಮ್ಮ.

ಬೆನಕಪ್ಪನ ಕೈ ತಟ್ಟೆಯಲ್ಲೇ ನಿಂತಿತು. ಓಂಕಾರೇಶ ಗೋಡೆಗೆ ಒರಗಿಸಿಟ್ಟಿದ್ದ ಫೋಟೊ ನೋಡಿದ, ಸೌಮ್ಯ ನಗು ತಡೆಯಲಾರದೆ ಒಳಗೆ ಓಡಿದಳು. ಕಲ್ಲಮ್ಮ ಯಾರ ಕಡೆಯೂ ನೋಡದೆ ತನ್ನ ತಟ್ಟೆಗೆ ನೀರು ಹಾಕಿ, ಬೆರಳಿನಿಂದ ಸುತ್ತ ತೊಳೆದು, ಕುಡಿದಳು. ಓಂಕಾರೇಶನೂ ಕುಡಿದ. ಬೆನಕಪ್ಪ ಕನ್ನಡಕ ತೆಗೆದ, ಒರೆಸಿದ, ಮತ್ತೆ ಹಾಕಿಕೊಂಡ.

"ಸಮುದ್ರದ್ದು ಖಾತೆ ಬದಲಾವಣೆ ಆಯ್ತು ಅಂತ ಬರ್ಕೊಂಡ್ಬಿಡು ಅತ್ತಿಗೆ" ಎಂದ ಕೊನೆಗೆ. "ತೊಳ್ಯೋದು ಆಮೇಲಾಯ್ತು. ಇನ್ನೊಂದು ಸೌಟು ಹಾಕು."

ಕಲ್ಲಮ್ಮ ಹಾಕಿದಳು.